ಕಾದ ಇಂಜಿನ್

ಸಂಡೂರಿನ ಏರಿನಲ್ಲಿ ಇಂಜಿನ್ ಕಾದು ನಿಂತ ಅದಿರಿನ ಲಾರಿಯ ಬಿಸಿ ಆವಿಯ ವಾಸನೆ ಬಡಿದಾಗಲೆಲ್ಲ ನನಗೆ ಕಂಪ್ಲಿಯ ನಮ್ಮ ಬಾಳೆ ತೋಟದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಬಾಳೆ ಸಾಲುಗಳ ನಡುವೆ ನಮ್ಮ ಸಣ್ಣ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಣಗಿದ ಎಲೆಯ ಪುಡಿ ಹಾರಿ ರೇಡಿಯೇಟರಿನ ಮುಂದಿನ ಜಾಲರಿಗೆ ಕಂಬಳಿಯಂತೆ ಅಂಟಿಕೊಂಡಿತ್ತು. ಬದುವಿನ ಮೇಲೆ ನಿಂತ ಅವ್ವ ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದಳು.

“ನಿಂದರಸ್ರಿ, ಜಾಲರಿ ಕಟ್ಕೊಂಡೈತಿ. ಗಾಳಿ ಹೋಗಲ್ಲ, ಇಂಜಿನ್ ಕಾಯ್ತೈತಿ.”

“ಇದೊಂದ್ ಸಾಲು ಆಗ್ಲಿ ಇರು.”

ಆ ಒಂದು ಸಾಲು ಮುಗಿಯುವ ಲಕ್ಷಣವೇ ಇರಲಿಲ್ಲ. ಕೊನೆಗೆ ಬಾನೆಟ್ಟಿನೊಳಗಿಂದ ಆವಿ ಬುಸುಗುಟ್ಟಿತು. ಅಪ್ಪ ಗಾಬರಿಯಿಂದ ಕಾಲುವೆಗೆ ಓಡಿ ಬಕೆಟ್ ತುಂಬ ನೀರು ತಂದ. ಅವ್ವ ಅಡ್ಡ ನಿಂತಳು.

“ಕಾದ ಹಂಚಿಗೆ ತಣ್ಣೀರ್ ಸುರೀತಾರೇನ್ರಿ? ಇಂಜಿನ್ ಸೀಳಿದ್ರ ಏನ್ ಮಾಡ್ತೀರಿ? ಈಗ ಮುಚ್ಚಳ ತೆಗದ್ರ ಮುಖಾನೂ ಸುಡ್ತೈತಿ. ಆರ್ಲಿ, ಕುಂದ್ರಿ!”

ಅಪ್ಪ ಮುಖ ಊದಿಸಿಕೊಂಡು ಕೂತ. ಇಂಜಿನ್ ಪೂರ್ತಿ ಆರಿದ ಮೇಲೆ ಅವ್ವ ಬ್ರಷ್ಷಿನಿಂದ ಜಾಲರಿ ತಿಕ್ಕಿ, ನಿಧಾನವಾಗಿ ನೀರು ತುಂಬಿದಳು. ಕೀಲಿ ತಿರುಗಿಸಿದಾಗ ಟ್ರ್ಯಾಕ್ಟರ್ ಸಲೀಸಾಗಿ ಶುರುವಾಯಿತು.

“ನೋಡಿದ್ಯಾ? ಏನೂ ಆಗಿಲ್ಲ. ನೀ ಸುಮ್ನ ಹೆದರಸ್ತಿ,” ಎಂದ ಅಪ್ಪ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಸೀಟು ಹತ್ತಿದಳು. ಅಲ್ಲಿಯವರೆಗೆ ತೋಟದೊಳಗೆ ಮಾತ್ರ ಓಡಿಸಿದ್ದವಳು ಅಂದು ಊರ ರಸ್ತೆಯಲ್ಲೇ ಮನೆಯತ್ತ ಹೊರಟಳು. ಅಪ್ಪ ಮತ್ತು ನಾನು ಹಿಂದೆ ನಡೆದೆವು.

“ಕ್ಲಚ್ ಮ್ಯಾಲಿಂದ ಕಾಲ್ ತೆಗಿ! ಪ್ಲೇಟ್ ಸುಟ್ಟು ಹೋಗ್ತೈತಿ!” ಎಂದು ಅಪ್ಪ ದಾರಿಯುದ್ದಕ್ಕೂ ಕೂಗುತ್ತಲೇ ಇದ್ದ. ಅವಳ ಕಾಲು ಕ್ಲಚ್ ಮೇಲೆ ಇರಲೇ ಇಲ್ಲ.