ಗಂಟೆ ಹೊಡೆಯುವ ಮೊದಲು

"ಬೇಡ ಉಪದೇಶಿಯಾರೇ, ಗಂಟೆ ಹೊಡೆಸಬೇಡಿ" ಎಂದು ಮರಿಯಪುಷ್ಪಂ ಬಾಗಿಲಿಗೇ ಅಡ್ಡ ನಿಂತಳು.

ಅವಳ ಮಗ ವೆನ್ಸಿಲಾಸ್ ದೋಣಿಯಿಂದ ಬಿದ್ದು ಆರು ದಿನವಾಗಿತ್ತು. ಕನ್ಯಾಕುಮಾರಿ ಕಡೆಯ ಆ ಊರಿನಲ್ಲಿ ಒಬ್ಬ ಕಡಲ ಪಾಲಾದರೆ, ಇಗರ್ಜಿಯಲ್ಲಿ ಸಾವಿನ ಗಂಟೆ ಹೊಡೆಯುವ ತನಕ ಯಾರೂ ಮೀನಿಗೆ ಹೋಗುವಂತಿಲ್ಲ. ಹೆಣ ಸಿಗದಿದ್ದರೆ ಮನೆಯವರು ಹೂಂ ಅಂದಮೇಲೆಯೇ ಗಂಟೆ. ಹುಡುಕಿ ಸೋತ ದೋಣಿಗಳು ಮರಳ ಮೇಲೆ ಬಿದ್ದಿದ್ದವು, ಊರಿನ ಒಲೆಗಳು ಒಂದೊಂದಾಗಿ ತಣ್ಣಗಾಗುತ್ತಿದ್ದವು. ಅವಳಿಂದ ಆ ಹೂಂ ತರಲು ಪಾದ್ರಿಗಳು, ಇಗರ್ಜಿಯಲ್ಲಿ ಜಪ-ಪಾಠ ಹೇಳಿಕೊಡುವ ಉಪದೇಶಿ ಸೂಸೈಯನ್ನು ಕಳಿಸಿದ್ದರು.

ಸೂಸೈಗೆ ಇದೇನೂ ಹೊಸತಲ್ಲ. ಮೂವತ್ತು ವರ್ಷದಿಂದ ಸಾವಿನ ಮನೆಗಳಲ್ಲಿ ಸಮಾಧಾನ ಹೇಳಿ ಹೇಳಿ ಮಾತು ಬಾಯಿಪಾಠವಾಗಿತ್ತು. ಎಲ್ಲಿ ನಿಲ್ಲಿಸಿ ನಿಟ್ಟುಸಿರು ಬಿಡಬೇಕೆಂಬುದೂ ಗೊತ್ತಿತ್ತು.

"ಅಕ್ಕಾ, ವೆನ್ಸಿಲಾಸ್ ಈಗ ಯೇಸುಸ್ವಾಮಿ ಹತ್ರ ಸುಖವಾಗಿದಾನೆ. ಅಲ್ಲಿ ಅಲೆ ಇಲ್ಲ, ಬಿರುಗಾಳಿ ಇಲ್ಲ..."

"ಮೀನೂ ಇಲ್ವಾ? ಹಾಗಾದ್ರೆ ಅವನಿಗೆ ಅಲ್ಲಿ ಹೊತ್ತೇ ಹೋಗಲ್ಲ. ಜಸಿಂತಾ ಗಂಡ ಸತ್ತಾಗ ಇದೇ ಮಾತು ಅವಳ ಮನೇಲೂ ಹೇಳಿದ್ರಿ. ನಾನೂ ಅಲ್ಲೇ ಕೂತು ಆಮೆನ್ ಅಂದಿದ್ದೆ. ನಿಮ್ಮ ತಮ್ಮ ಕಡಲಲ್ಲಿ ಹೋದಾಗ ನಿಮಗ್ಯಾರು ಹೇಳಿದ್ರು?"

ಬೈಬಲ್ ತೆರೆಯಹೊರಟಿದ್ದ ಸೂಸೈ ಅದನ್ನು ಮತ್ತೆ ಕಂಕುಳಿಗೆ ಸೇರಿಸಿದ. ತಮ್ಮನ ಸುದ್ದಿಯನ್ನು ಅವನೆದುರು ಯಾರೂ ಎತ್ತುತ್ತಿರಲಿಲ್ಲ. ಇಷ್ಟು ವರ್ಷದ ಮೇಲೂ ದುಃಖ ಒತ್ತರಿಸಿಕೊಂಡು ಬಂತು.

"ಯಾರೂ ಹೇಳ್ಲಿಲ್ಲಕ್ಕಾ. ಅಮ್ಮ ಒಪ್ಪಲಿಲ್ಲ, ನಾನೇ ಹೂಂ ಅಂದು ಗಂಟೆ ಹೊಡೆಸ್ದೆ. ಇಪ್ಪತ್ತೆರಡು ವರ್ಷ ಆಯ್ತು. ಸ್ವರ್ಗದಲ್ಲಿದಾನೆ ಅಂತ ನಂಬಿದೀನಿ, ಸುಳ್ಳಲ್ಲ. ಆದ್ರೂ ದಿನಾ ಬೆಳಗ್ಗೆ ಎದ್ದ ಕೂಡ್ಲೆ ಕಡಲ ಕಡೆ ನೋಡ್ತೀನಿ."

ಮರಿಯಪುಷ್ಪಂ ಬಾಗಿಲು ಬಿಟ್ಟು ಸರಿದು ಚಾಪೆ ಹಾಸಿದಳು. ಇಬ್ಬರೂ ಕೂತರು. ಬೈಬಲ್ ಮುಚ್ಚಿಯೇ ಇತ್ತು. ಪಕ್ಕದ ಮನೆಯ ಮಗು ಗಂಜಿಗಾಗಿ ಅಳುವುದು ಕೇಳುತ್ತಿತ್ತು.

"ಹೊಡೆಸಿ" ಎಂದಳು ಕೊನೆಗೆ.

ಸೂಸೈ ಅಂಗಳಕ್ಕಿಳಿದಾಗ ಹಿಂದಿನಿಂದ ಕರೆದಳು.

"ಉಪದೇಶಿಯಾರೇ, ದೋಣಿಯವರಿಗೆ ಹೇಳಿ, ಬಲೆ ಮೆಲ್ಲಗೆ ಎಳೀಲಿ. ನನ್ನ ಮಗ ಇನ್ನೂ ಅಲ್ಲೇ ಇದಾನೆ."