ಹರಿಣಿಯ ಮುಖ

ನಿಂಗನಗೌಡರು ಬಿಚ್ಚಿಬಿಟ್ಟಿದ್ದ ನಾಯಿ, ಕಣ್ಣು ಕಾಣದ ಅಂಬಕ್ಕನಿಗೆ ದಾರಿ ತೋರುವ ಸಾಕುನಾಯಿ ಹರಿಣಿಯನ್ನು ಕಚ್ಚಿತ್ತು. ಹರಿಣಿಯ ಗಾಯ ಮಾಯುವವರೆಗೆ ದಿನಾ ಬೆಳಿಗ್ಗೆ ಒಂದು ಗಂಟೆ ಗೌಡರು ತಮ್ಮ ದೃಷ್ಟಿಯನ್ನು ಅಂಬಕ್ಕನಿಗೆ ಕೊಡಬೇಕು. ಈಗಿನ ಕಾಯ್ದೆ ಹಾಗಿದೆ. ಇಬ್ಬರೂ ಕಿವಿಯ ಹಿಂದೆ ಪಟ್ಟಿ ಅಂಟಿಸಿಕೊಂಡರು. ಗೌಡರು ಕಂಡದ್ದು ಅಂಬಕ್ಕನಿಗೂ ಕಾಣತೊಡಗಿತು.

"ಎಲ್ಲಿಗೆ ಹೋಗೂಣ್ರಿ ಅಕ್ಕಾರ?"

"ಎಲ್ಲೂ ಬ್ಯಾಡ್ರಿ. ನಮ್ಮ ಹರಿಣೀನ ನೋಡ್ರಿ."

ಹರಿಣಿಯ ಹೊಲಿಗೆ ಹಾಕಿದ ಕಿವಿಯನ್ನು ನೋಡಲಾರದೆ ಅಂಗಳದತ್ತ ತಿರುಗಿದ್ದ ಗೌಡರು ನಿಧಾನವಾಗಿ ನಾಯಿಯತ್ತ ಕಣ್ಣು ಹೊರಳಿಸಿದರು.

"ಮೂತಿ ಬೆಳ್ಳಗಾಗೇತಂತ ಯಾರೂ ಹೇಳಲೇ ಇಲ್ಲ," ಎಂದಳು ಅಂಬಕ್ಕ. "ನಾವು ಸಂಗೀತದ ಸಾಲಿಗೆ ಹೋಗುವಾಗ ದಿನಾ ಇದು ಹೂವಿನಂಗಡಿ ಮುಂದ ನಿಂತು ಮೂಸೋದು. ಒಂಬತ್ತು ವರ್ಷ ಹೆಂಗ ಹೋದ್ವೋ."

ಗೌಡರು ಹರಿಣಿಯ ಮೂತಿಯನ್ನೇ ನೋಡುತ್ತಿದ್ದರು.

"ಕಣ್ಣ ಒರಸ್ಕೋರಿ ಗೌಡ್ರ," ಎಂದಳು ಅಂಬಕ್ಕ. "ನನಗ ಸರಿ ಕಾಣವಲ್ದು."