ಹನ್ನೆರಡನೇ ಪಾಠ

ನರ್ಸಿಂಗ್ ಮುಗಿಸಿದ ಫ್ಲಾವಿಯಾಳಿಗೆ ಇದು ಐದನೇ ಸಂದರ್ಶನ. ಎದುರಿಗೆ ಕೂತಿದ್ದ ಆಸ್ಪತ್ರೆಯ ಮೇಟ್ರನ್ ಅವಳ ಸರ್ಟಿಫಿಕೇಟುಗಳನ್ನು ತಿರುವಿ ಕೂಡ ನೋಡಲಿಲ್ಲ.

“ಅನುಭವ ಇಲ್ಲದಿದ್ರೆ ನಾನು ಕಲಿಸ್ತೇನೆ. ಆದ್ರೆ ಕಲಿತವರೆಲ್ಲ ವರ್ಷ ತುಂಬುವ ಮೊದಲೇ ಜರ್ಮನಿಗೆ ಹಾರ್ತಾರೆ. ಹೋದ ವಾರ ಒಟ್ಟಿಗೇ ಮೂರು ಜನ! ನಿನಗೂ ಅಂಥ ಯೋಚನೆ ಉಂಟಾ?”

“ಅಯ್ಯೋ, ಇಲ್ಲ ಮೇಡಂ! ಮಂಗಳೂರು ದಾಟಿದ್ರೆ ನನಗೆ ಊಟವೇ ಸೇರುದಿಲ್ಲ.”

ಈ ಉತ್ತರವನ್ನು ಅವಳು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು. ಮೇಟ್ರನ್ ನಕ್ಕರು. ಕೆಲಸ ಸಿಕ್ಕಿತೆಂದು ಫ್ಲಾವಿಯಾ ದಡಕ್ಕನೆ ಎದ್ದಳು. ಎದ್ದ ರಭಸಕ್ಕೆ ಮಡಿಲಲ್ಲಿದ್ದ ಬ್ಯಾಗು ಮಗುಚಿ, ಕೊಡೆ, ಬಾಚಣಿಗೆಗಳ ಜೊತೆ ಜರ್ಮನ್ ಕಲಿಯುವ ದಪ್ಪ ಪುಸ್ತಕವೂ ನೆಲಕ್ಕೆ ಬಿತ್ತು.

ಐದನೆಯದೂ ಹೋಯಿತು ಎಂದುಕೊಂಡಳು.

ಮೇಟ್ರನ್ ಪುಸ್ತಕ ಎತ್ತಿಕೊಂಡು, ಅದರೊಳಗಿನ ಪೆನ್ಸಿಲ್ ಗುರುತುಗಳನ್ನು ನಿಧಾನವಾಗಿ ನೋಡಿದರು.

“ಎಷ್ಟನೇ ಪಾಠದಲ್ಲಿದ್ದೀ?”

“ಹನ್ನೆರಡು...” ಎನ್ನುತ್ತಾ ಅವಳು ಬಗ್ಗಿ ಬಾಚಣಿಗೆ ಹೆಕ್ಕಿದಳು.

ಮೇಟ್ರನ್ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ನಾಳೆಯಿಂದ ಕೆಲಸಕ್ಕೆ ಬಾ. ಮಧ್ಯಾಹ್ನ ಊಟಕ್ಕೆ ನನ್ನ ಹತ್ರವೇ ಕೂತ್ಕೋ. ನಾನಿನ್ನೂ ಒಂಬತ್ತರಲ್ಲೇ ಸಿಕ್ಕಿಬಿದ್ದಿದ್ದೇನೆ ಮಾರಾಯ್ತಿ!”